ಬಿಟ್ಟಿ ಸಿಕ್ಕ ಪಾತ್ರ: ಟಿಪ್ಪು ನಾಟಕಗಳು ಮತ್ತು ಮಂಡ್ಯದ ಪ್ರೇಕ್ಷಕರು

ಮಂಡ್ಯ ಸೀಮೆಯ ಹಳ್ಳಿಗಳಲ್ಲಿ ನಾಟಕಕ್ಕೆ ದುಡ್ಡು ಕೊಡುವವನು ಆಡುವವನೇ ಹೊರತು ನೋಡುವವನಲ್ಲ. ನಗರದ ರಂಗಮಂದಿರಗಳಲ್ಲಿ ಟಿಕೆಟ್ ಹರಿಸಿಕೊಂಡು ಕುಳಿತು ರೂಢಿಯಾದವರಿಗೆ ಈ ವ್ಯವಹಾರ ಸುಲಭಕ್ಕೆ ಅರ್ಥವಾಗುವುದಿಲ್ಲ. ಊರಿನ ಹತ್ತಿಪ್ಪತ್ತು ಮಂದಿ ಸೇರಿ ಒಬ್ಬ ಹಾರ್ಮೋನಿಯಂ ಮೇಷ್ಟ್ರನ್ನು ಗೊತ್ತುಮಾಡಿಕೊಳ್ಳುತ್ತಾರೆ. ಕುರುಕ್ಷೇತ್ರವೋ ದಕ್ಷಯಜ್ಞವೋ ಶನಿಪ್ರಭಾವವೋ ಯಾವುದಾದರೊಂದು ನಾಟಕ ನಿಗದಿಯಾಗುತ್ತದೆ. ಆಮೇಲೆ ಯಾವ ಪಾತ್ರಕ್ಕೆ ಎಷ್ಟು ದುಡ್ಡು ಎಂಬ ಲೆಕ್ಕ. ಕೃಷ್ಣ ದುಬಾರಿ, ದುರ್ಯೋಧನ ಅವನಿಗಿಂತ ಕಡಿಮೆಯೇನಲ್ಲ, ದೂತನ ಪಾತ್ರ ಅಗ್ಗ. ಆ ದುಡ್ಡಿನಲ್ಲಿ ಸೀನರಿ, ಲೈಟು, ಮೈಕು, ಹೊರಗಿನಿಂದ ಬರುವ ಸ್ತ್ರೀಪಾತ್ರಧಾರಿಗಳ ಸಂಭಾವನೆ ಎಲ್ಲವೂ ಹೊಂದಬೇಕು. ಕಬ್ಬು ಕಡಿಸಿದ ದುಡ್ಡನ್ನು ದುರ್ಯೋಧನನಾಗಲು ಸುರಿದು ಮನೆಯಲ್ಲಿ ಬೈಸಿಕೊಂಡವರನ್ನು ನಾವು ಬಲ್ಲೆವು. ಇಡೀ ರಾತ್ರಿ ಆಟ ನಡೆದು, ಹೊತ್ತು ಮೂಡುವ ಹೊತ್ತಿಗೆ ತೊಡೆ ಮುರಿದುಕೊಂಡು ಬೀಳುವವನ ಕೊರಳಲ್ಲಿ ನೋಟಿನ ಹಾರ ಇರುತ್ತದೆ. ಇಂಥವರಿಂದ ಇಷ್ಟು ರೂಪಾಯಿ ಬಹುಮಾನ ಎಂದು ಮೈಕಿನಲ್ಲಿ ಕೂಗುವಾಗ ಸತ್ತ ದುರ್ಯೋಧನ ಎದ್ದು ಕೈಮುಗಿದು ಮತ್ತೆ ಸಾಯುವುದೂ ಉಂಟು.

ಈ ಪ್ರೇಕ್ಷಕರ ಬಗ್ಗೆ ಬರೆಯಬೇಕೆಂದು ನಮಗೆ ಬಹಳ ದಿನಗಳಿಂದ ಇತ್ತು. ಅದಕ್ಕೆ ನೆಪವಾದದ್ದು ಮದ್ದೂರು ತಾಲ್ಲೂಕಿನ ನಿಡಘಟ್ಟ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಓಡಾಡುವವರಿಗೆ ಇದು ಕಿಟಕಿಯಾಚೆ ಸರಿದುಹೋಗುವ ಊರು. ಆದರೆ ಸುಮಾರು 118 ಕಿಲೋಮೀಟರಿನ ದಶಪಥ ರಸ್ತೆಯನ್ನು ಕಟ್ಟುವಾಗ ಅದನ್ನು ಎರಡು ತುಂಡು ಮಾಡಿದ್ದು ಇಲ್ಲಿಯೇ. ಬೆಂಗಳೂರಿನಿಂದ ನಿಡಘಟ್ಟಕ್ಕೆ 56 ಕಿಲೋಮೀಟರು, ನಿಡಘಟ್ಟದಿಂದ ಮೈಸೂರಿಗೆ 61. ಈ ರಸ್ತೆಯ ಉದ್ಘಾಟನೆ 2023ರ ಮಾರ್ಚ್ 12ರಂದು ಇದೇ ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಪ್ರಧಾನಮಂತ್ರಿಗಳಿಂದ ನಡೆಯಿತು. ರಸ್ತೆಯ ಕಾರ್ಯಕ್ರಮಕ್ಕೂ ನಾಟಕಕ್ಕೂ ಏನು ಸಂಬಂಧ ಎಂದು ಓದುಗರು ಕೇಳಬಹುದು. ಕನ್ನಡದ ಒಂದು ಐತಿಹಾಸಿಕ ನಾಟಕಕ್ಕೆ ಈಚಿನ ವರ್ಷಗಳಲ್ಲಿ ಬಂದ ಅತ್ಯಂತ ನಿಜವಾದ ಪ್ರೇಕ್ಷಕ ಪ್ರತಿಕ್ರಿಯೆ ಯಾವ ರಂಗಮಂದಿರದಲ್ಲೂ ಬರಲಿಲ್ಲ, ಈ ರಸ್ತೆಯ ಮೇಲೆ ಬಂತು, ಅದೂ ಆ ನಾಟಕವನ್ನು ನೋಡದವರಿಂದ ಬಂತು ಎಂಬುದು ನಮ್ಮ ಅನಿಸಿಕೆ.

ಮೊದಲು ಐತಿಹಾಸಿಕ ನಾಟಕದ ಪ್ರೇಕ್ಷಕ ಹೇಗಿರುತ್ತಾನೆ ಎಂಬುದನ್ನು ನೋಡೋಣ. ಪೌರಾಣಿಕ ನಾಟಕದಲ್ಲಿ ಕಥೆ ಎಲ್ಲರಿಗೂ ಗೊತ್ತು, ಮುಂದೇನು ಎಂಬ ಆತಂಕವಿಲ್ಲ. ಆದ್ದರಿಂದ ಕಣ್ಣು ಕಿವಿಗಳೆಲ್ಲ ಹೇಗೆ ಹಾಡಿದ, ಹೇಗೆ ನಿಂತ ಎಂಬುದರ ಮೇಲೆ. ಐತಿಹಾಸಿಕ ನಾಟಕದಲ್ಲಿ ಹಾಗಲ್ಲ. ಇಲ್ಲಿ ಪ್ರೇಕ್ಷಕ ಒಂದು ತಕ್ಕಡಿ ಹಿಡಿದುಕೊಂಡೇ ಒಳಗೆ ಬರುತ್ತಾನೆ. ರಂಗದ ಮೇಲಿನ ರಾಜ ತನ್ನ ಜಾತಿಯವನೋ, ತನ್ನ ಧರ್ಮದವನೋ, ತನ್ನ ಊರಿನವನೋ ಆಗಿದ್ದರೆ ತಕ್ಕಡಿ ಇನ್ನೂ ಸೂಕ್ಷ್ಮವಾಗುತ್ತದೆ. ಗಿರೀಶ ಕಾರ್ನಾಡರ ‘ತುಘಲಕ್’ 1964ರಲ್ಲಿ ಬಂದಾಗ ನೋಡಿದವರು ಅದರಲ್ಲಿ ಹದಿನಾಲ್ಕನೆಯ ಶತಮಾನದ ದೆಹಲಿಯನ್ನು ಹುಡುಕಲಿಲ್ಲ, ನೆಹರೂ ಯುಗದ ಕೊನೆಯ ನಿರಾಸೆಯನ್ನು ಕಂಡರು. ನಮಾಜಿನ ಹೊತ್ತಿನಲ್ಲಿ ಸುಲ್ತಾನನನ್ನು ಕೊಲ್ಲುವ ಸಂಚು ಆ ನಾಟಕದ ನಟ್ಟನಡುವೆ ಇದೆ. ಅದನ್ನು ನೋಡಿದ ಮುಸ್ಲಿಮರು ಧರ್ಮಕ್ಕೆ ಅಪಚಾರವಾಯಿತೆಂದು ಬೀದಿಗಿಳಿಯಲಿಲ್ಲ, ಇತರರು ಒಬ್ಬ ಸುಲ್ತಾನನ ಮರುಳುತನದಲ್ಲಿ ಒಂದು ಸಮುದಾಯದ ಕುಲಗುಣವನ್ನು ಹುಡುಕಲಿಲ್ಲ. ಕಾಲ ಒಳ್ಳೆಯದಿತ್ತು ಎಂದು ಹಲುಬುವುದಕ್ಕಾಗಿ ಈ ಮಾತು ಹೇಳುತ್ತಿಲ್ಲ. ಎಚ್.ಎಸ್. ಶಿವಪ್ರಕಾಶರ ‘ಮಹಾಚೈತ್ರ’ ಎಂಬತ್ತರ ದಶಕದಲ್ಲಿ ರಂಗದ ಮೇಲೆ ಗೆದ್ದ ನಾಟಕ. ಅದೇ ನಾಟಕ ತೊಂಬತ್ತರ ದಶಕದ ನಡುವಿನಲ್ಲಿ ಪಠ್ಯಪುಸ್ತಕವಾದಾಗ ಎಂಥ ಗಲಾಟೆಯಾಯಿತೆಂಬುದು ನೆನಪಿದ್ದವರಿಗೆ ನೆನಪಿರುತ್ತದೆ. ತಕ್ಕಡಿ ಹಿಡಿದವರು ನಾವೊಬ್ಬರೇ ಅಲ್ಲ.

ಟಿಪ್ಪುವಿನ ವಿಷಯಕ್ಕೆ ಬಂದರೆ ಈ ತಕ್ಕಡಿಗೆ ಮಂಡ್ಯ ಜಿಲ್ಲೆಯಲ್ಲಿ ಬೇರೆಯೇ ತೂಕದ ಕಲ್ಲುಗಳಿವೆ. ಅವನು ಸತ್ತ ಜಾಗ ಈ ಜಿಲ್ಲೆಯಲ್ಲಿದೆ. 1799ರ ಮಾರ್ಚ್ 27ರಂದು ಜನರಲ್ ಹ್ಯಾರಿಸನ ಸೈನ್ಯಕ್ಕೆ ಅವನು ಎದುರಾಗಿ ಸೋತದ್ದು ಮಳವಳ್ಳಿಯಲ್ಲಿ. ಅಲ್ಲಿಂದ ಮುಂದೆ ಇಂಗ್ಲಿಷರು ಸೋಸಲೆಯ ಬಳಿ ಕಾವೇರಿ ದಾಟಿದರು, ಮೇ 4ಕ್ಕೆ ಶ್ರೀರಂಗಪಟ್ಟಣ ಬಿತ್ತು. ಇತ್ತ ರಾಮನಗರ, ಚನ್ನಪಟ್ಟಣದ ಕಡೆಯಿಂದ ಮದ್ದೂರು, ಮಳವಳ್ಳಿಯವರೆಗೆ ಹಿಪ್ಪುನೇರಳೆ ಬೆಳೆದು ಹುಳು ಮೇಯಿಸುವ ಮನೆಗಳಿವೆ. ಮೈಸೂರು ಸೀಮೆಗೆ ರೇಷ್ಮೆಯನ್ನು ತಂದವನು ಯಾರೆಂದು ಆ ಮನೆಗಳಲ್ಲಿ ಯಾರೂ ಪುಸ್ತಕ ನೋಡಿ ಕಲಿತದ್ದಲ್ಲ. ಕನ್ನಂಬಾಡಿಯಲ್ಲಿ ಅಣೆಕಟ್ಟೆಯ ಕೆಲಸ ನಡೆಯುವಾಗ ಸಿಕ್ಕಿದ, ಅಲ್ಲಿಯೇ ಒಂದು ಅಣೆ ಕಟ್ಟಬೇಕೆಂದು ಟಿಪ್ಪು 1794ರಲ್ಲಿ ಹಾಕಿಸಿದ್ದ ಫಾರ್ಸಿ ಶಾಸನವನ್ನು ಕೆ.ಆರ್.ಎಸ್. ನೋಡಲು ಹೋದವರು ಕಂಡಿರುತ್ತಾರೆ. ಅಣೆಕಟ್ಟೆ ಕಟ್ಟಿದವನು ಅವನಲ್ಲ, ಕಟ್ಟಿಸಿದವರು ಮೈಸೂರಿನ ಮಹಾರಾಜರು, ಕಟ್ಟಿದವರಲ್ಲಿ ಮುಖ್ಯರು ವಿಶ್ವೇಶ್ವರಯ್ಯನವರು. ನಮ್ಮ ಹುಡುಗರು ಆವೇಶದಲ್ಲಿ ಎಲ್ಲವನ್ನೂ ಟಿಪ್ಪುವಿನ ಲೆಕ್ಕಕ್ಕೆ ಬರೆಯುವುದುಂಟು, ಅದು ತಪ್ಪು. ಇನ್ನು ಅವನ ಮೇಲೆ ಕಟ್ಟಿದ ಲಾವಣಿಗಳನ್ನು ಹಳೆ ಮೈಸೂರಿನ ಸಂತೆ, ಜಾತ್ರೆಗಳಲ್ಲಿ ಎಲ್ಲ ಜಾತಿಯವರೂ ಹಾಡಿದ್ದಾರೆ, ಎಲ್ಲ ಜಾತಿಯವರೂ ಕೇಳಿದ್ದಾರೆ.

ಕಾರ್ನಾಡರ ‘ಟಿಪ್ಪುವಿನ ಕನಸುಗಳು’ ಹುಟ್ಟಿದ್ದು ಸ್ವಾತಂತ್ರ್ಯದ ಐವತ್ತನೆಯ ವರ್ಷದಲ್ಲಿ, ಬಿ.ಬಿ.ಸಿ.ಗಾಗಿ ಬರೆದ ರೇಡಿಯೋ ನಾಟಕವಾಗಿ. ಟಿಪ್ಪು ತನ್ನ ಕೈಯಾರೆ ಫಾರ್ಸಿಯಲ್ಲಿ ಬರೆದಿಟ್ಟ ಕನಸುಗಳ ಪುಸ್ತಕವೇ ಅದರ ಬೀಜ. ಯಾರಿಗೂ ತೋರಿಸದೆ ಇಟ್ಟುಕೊಂಡಿದ್ದ ಆ ಪುಸ್ತಕ ಅರಮನೆ ಲೂಟಿಯಾದ ಮೇಲೆ ಸಿಕ್ಕಿ ಲಂಡನ್ ಸೇರಿತು. ಅದರಲ್ಲಿ 37 ಕನಸುಗಳಿವೆ. ಈ ನಾಟಕವನ್ನು ನಾವು ಒಂದು ಹವ್ಯಾಸಿ ತಂಡ ಆಡಿದಾಗ ನೋಡಿದೆವು. ನಾಟಕಕ್ಕಿಂತ ಹೆಚ್ಚು ಹೊತ್ತು ನಮ್ಮ ಗಮನ ಸುತ್ತ ಕುಳಿತವರ ಮೇಲೆಯೇ ಇತ್ತೆಂದು ಒಪ್ಪಿಕೊಳ್ಳಬೇಕು. ಸಭಾಂಗಣದಲ್ಲಿ ನಮ್ಮವರು ಸಾಕಷ್ಟು ಸಂಖ್ಯೆಯಲ್ಲಿದ್ದರು. ಅವರಲ್ಲಿ ಹೆಚ್ಚಿನವರು ಅದಕ್ಕೆ ಮೊದಲು ಒಂದೂ ಕನ್ನಡ ನಾಟಕ ನೋಡಿದವರಲ್ಲ ಎಂಬುದು ಅವರು ಕುಳಿತುಕೊಂಡ ರೀತಿಯಲ್ಲೇ ತಿಳಿಯುತ್ತಿತ್ತು. ಟಿಪ್ಪು ಮೊದಲ ಸಲ ರಂಗಕ್ಕೆ ಬಂದಾಗ ಹಿಂದಿನ ಸಾಲುಗಳಿಂದ ಸಿಳ್ಳೆ ಬಂತು. ಇಂಗ್ಲಿಷರ ಬಗ್ಗೆ ಖಾರದ ಮಾತು ಬಂದಾಗಲೆಲ್ಲ ಚಪ್ಪಾಳೆ. ಆಮೇಲೆ ನಿಧಾನಕ್ಕೆ ಸಭೆ ತಣ್ಣಗಾಯಿತು. ಯಾಕೆಂದರೆ ಈ ಟಿಪ್ಪು ಕತ್ತಿ ಝಳಪಿಸುವುದಕ್ಕಿಂತ ಹೆಚ್ಚು ಯೋಚಿಸುತ್ತಾನೆ. ವ್ಯಾಪಾರ, ಕಾರ್ಖಾನೆ, ಫ್ರಾನ್ಸಿಗೆ ಕಳಿಸಿದ ರಾಯಭಾರ ಎಂದೆಲ್ಲ ಮಾತಾಡುತ್ತಾನೆ, ಕನಸು ಕಂಡು ಬೆಚ್ಚುತ್ತಾನೆ. ನಮ್ಮ ಪಕ್ಕದಲ್ಲಿದ್ದ ತರುಣನೊಬ್ಬ ಗೆಳೆಯನ ಕಿವಿಯಲ್ಲಿ ಹುಲಿ ಯಾವಾಗ ಬರುತ್ತದೆ ಎಂದು ಕೇಳಿದ್ದು ನಮಗೂ ಕೇಳಿಸಿತು. ಹುಲಿ ಬರಲಿಲ್ಲ.

ಹುಲಿಯ ಬದಲು ಬಂದದ್ದು 1792ರ ಒಪ್ಪಂದ. ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ, ಅದು ತೀರುವವರೆಗೆ ಒತ್ತೆಯಾಗಿ ಇಬ್ಬರು ಮಕ್ಕಳು. ಒತ್ತೆಯಾಳುಗಳ ಮಾತು ಬಂದಾಗ ಸಭಾಂಗಣದಲ್ಲಿ ಎಂಥ ಮೌನ ಕವಿಯಿತೆಂದರೆ ಫ್ಯಾನಿನ ಸದ್ದು ಕೇಳುತ್ತಿತ್ತು. ಮುಂದಿನ ಸಾಲಿನಲ್ಲಿ ಕುಳಿತ ವಯಸ್ಸಾದ ಗೌಡತಿಯೊಬ್ಬರು ಸೆರಗಿನಿಂದ ಕಣ್ಣೊರೆಸಿಕೊಂಡರು. ಬುರ್ಖಾ ತೊಟ್ಟಿದ್ದ ಇನ್ನೊಬ್ಬ ಹೆಂಗಸು ಮಡಿಲಲ್ಲಿದ್ದ ಹುಡುಗನನ್ನು ಹತ್ತಿರಕ್ಕೆ ಎಳೆದುಕೊಂಡರು. ಆ ಗಳಿಗೆಯಲ್ಲಿ ಅವರಿಬ್ಬರ ಕೈಯಲ್ಲೂ ತಕ್ಕಡಿ ಇರಲಿಲ್ಲ. ಸಿಳ್ಳೆ ಹೊಡೆದ ಹುಡುಗರಿಗಾದರೂ ಅಲ್ಲಿ ಏನೋ ತಟ್ಟಿರಬೇಕು, ನಾಟಕ ಮುಗಿದು ಹೊರಬರುವಾಗ ಅವರು ಘೋಷಣೆ ಕೂಗಲಿಲ್ಲ. ಒಳಗೆ ಬರುವಾಗ ಕೂಗಿದ್ದರು.

ಹಾಗೆಂದು ಕಾರ್ನಾಡರ ನಾಟಕದಲ್ಲಿ ಕೊರತೆಯಿಲ್ಲವೆಂದಲ್ಲ. ಇತಿಹಾಸಕಾರ ಕಿರ್ಮಾನಿಯೂ ಮೆಕೆಂಜಿಯೂ ಕೂತು ನೆನಪು ಮಾಡಿಕೊಳ್ಳುವ ಚೌಕಟ್ಟು ಓದುವಾಗ ಚೆಂದ, ರಂಗದ ಮೇಲೆ ಅದು ಮತ್ತೆ ಮತ್ತೆ ಆಟದ ಕಾಲಿಗೆ ತೊಡಕಾಗುತ್ತದೆ. ಅದಕ್ಕಿಂತ ದೊಡ್ಡ ಮಾತೆಂದರೆ, ಕೊಡಗು ಮತ್ತು ಮಲಬಾರಿನಲ್ಲಿ ಟಿಪ್ಪುವಿನ ಸೈನ್ಯ ಮಾಡಿದ್ದು ಇಲ್ಲಿ ಹಿನ್ನೆಲೆಗೆ ಸರಿದಿದೆ. ತುಘಲಕನ ಕ್ರೌರ್ಯವನ್ನೂ ಕನಸನ್ನೂ ಒಂದೇ ಎದೆಯಲ್ಲಿ ಇಟ್ಟು ತೋರಿಸಿದ ನಾಟಕಕಾರ ಟಿಪ್ಪುವಿನಲ್ಲಿ ಕನಸನ್ನು ಮಾತ್ರ ಆರಿಸಿಕೊಂಡರು. ಇದನ್ನು ಎಸ್.ಎಲ್. ಭೈರಪ್ಪನವರು 2006ರ ಪತ್ರಿಕಾ ವಾಗ್ವಾದದಲ್ಲಿ ಹೇಳಿದಾಗ ನಮ್ಮಲ್ಲಿ ಅನೇಕರು ಹೇಳಿದವರು ಯಾರೆಂದು ನೋಡಿದೆವೇ ಹೊರತು ಹೇಳಿದ್ದೇನೆಂದು ನೋಡಲಿಲ್ಲ. ಭೈರಪ್ಪನವರ ಒಟ್ಟು ವಾದವನ್ನು ನಾವು ಒಪ್ಪುವುದಿಲ್ಲ. ಆದರೆ ಕೊಡಗಿನ ಮನೆಗಳಲ್ಲಿ ಒಂದು ನೆನಪಿದೆ, ಆ ನೆನಪಿಗೆ ರಂಗದ ಮೇಲೆ ಒಂದು ಪಾತ್ರ ಬೇಕಾಗಿತ್ತು. ಅದನ್ನು ಕಾರ್ನಾಡರು ಬರೆದಿದ್ದರೆ ಮುಂದೆ ಬಂದವರು ಅದನ್ನು ಬೇರೆ ಬಗೆಯಲ್ಲಿ ಬರೆಯಲು ಅಷ್ಟು ಖಾಲಿ ಜಾಗ ಉಳಿಯುತ್ತಿರಲಿಲ್ಲ.

ಮುಂದೆ ಬಂದದ್ದು ‘ಟಿಪ್ಪು ನಿಜಕನಸುಗಳು’. ಬರೆದವರು, ನಿರ್ದೇಶಿಸಿದವರು ಆಗ ಮೈಸೂರು ರಂಗಾಯಣದ ನಿರ್ದೇಶಕರಾಗಿದ್ದ ಅಡ್ಡಂಡ ಕಾರ್ಯಪ್ಪನವರು. 2022ರ ನವೆಂಬರಿನಲ್ಲಿ ರಂಗಾಯಣದ ಭೂಮಿಗೀತದಲ್ಲಿ ಪ್ರದರ್ಶನ ಆರಂಭವಾಯಿತು. ಹೆಸರೇ ಹೇಳುವಂತೆ ಇದು ಕಾರ್ನಾಡರಿಗೆ ಕೊಟ್ಟ ಉತ್ತರ. ಉತ್ತರ ಕೊಡುವುದು ತಪ್ಪಲ್ಲ, ನಾಟಕಕ್ಕೆ ನಾಟಕದಿಂದಲೇ ಉತ್ತರ ಬರುವುದು ರಂಗಭೂಮಿಗೆ ಶೋಭೆ. ನಮ್ಮ ತಕರಾರು ‘ನಿಜ’ ಎಂಬ ಎರಡಕ್ಷರದ ಮೇಲೆ. ತೊಂಬತ್ತರಲ್ಲಿ ದೂರದರ್ಶನದಲ್ಲಿ ‘ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್’ ಬಂದಾಗ ಪ್ರತಿ ಕಂತಿಗೂ ಮೊದಲು ಇದು ಕಾದಂಬರಿಯನ್ನು ಆಧರಿಸಿದ ಕಲ್ಪಿತ ಕಥೆ ಎಂದು ತೋರಿಸಬೇಕಾಗಿತ್ತು. ಕೋರ್ಟು ಕಚೇರಿಯವರೆಗೆ ಹೋಗಿ ಬಂದ ಏರ್ಪಾಡು ಅದು. ಆಗ ನಮ್ಮವರಿಗೆ ಅದು ಅವಮಾನವೆನಿಸಿತ್ತು. ಇವತ್ತು ನೋಡಿದರೆ ಅದೊಂದು ಒಳ್ಳೆಯ ಪದ್ಧತಿಯೇ. ಅಂಥ ಒಂದು ಸಾಲು ಪ್ರೇಕ್ಷಕನಿಗೆ ನೀನು ನೋಡುತ್ತಿರುವುದು ಆಟ, ತೀರ್ಮಾನ ನಿನ್ನದು ಎಂದು ಹೇಳುತ್ತದೆ. ‘ನಿಜಕನಸುಗಳು’ ತಲೆಬರಹದಲ್ಲೇ ಅದರ ತದ್ವಿರುದ್ಧವನ್ನು ಹೇಳಿ ಆಟ ಶುರುಮಾಡುತ್ತದೆ. ತೀರ್ಮಾನ ಮೊದಲೇ ಆಗಿದೆ, ನೀವು ಬಂದು ರುಜು ಹಾಕಿ ಎಂದು ಕರೆಯುತ್ತದೆ.

ಈ ನಾಟಕದ ಪುಸ್ತಕದಲ್ಲಿ ಮುಸ್ಲಿಮರನ್ನು ಹೀಗಳೆಯುವ ಮಾತುಗಳಿವೆಯೆಂದು ನಮ್ಮವರೊಬ್ಬರು ಬೆಂಗಳೂರಿನ ನ್ಯಾಯಾಲಯಕ್ಕೆ ಹೋದರು. ನ್ಯಾಯಾಲಯ ಮಾರಾಟಕ್ಕೆ ತಾತ್ಕಾಲಿಕ ತಡೆ ಕೊಟ್ಟಿತು, ಕೆಲವು ವಾರಗಳಲ್ಲಿ ಅದು ತೆರವಾಯಿತು. ನಾಟಕ ಪೊಲೀಸ್ ಕಾವಲಿನಲ್ಲಿ ಮುಂದುವರಿಯಿತು. ಕಾನೂನಿನ ಬಾಗಿಲು ತಟ್ಟುವುದು ಯಾರಿಗಾದರೂ ಇರುವ ಹಕ್ಕು. ಆದರೂ ಆ ದಾವೆ ನಾಟಕಕ್ಕೆ ಮಾಡಿದ ಉಪಕಾರವನ್ನು ಅದರ ಬೆಂಬಲಿಗರೂ ಮಾಡಲಿಲ್ಲ ಎಂದು ನಾವು ಆಗಲೂ ಹೇಳಿದ್ದೆವು, ಈಗಲೂ ಹೇಳುತ್ತೇವೆ. ತಡೆ ಬಿದ್ದ ಪುಸ್ತಕವನ್ನು ಓದಬೇಕೆನಿಸುತ್ತದೆ, ಕಾವಲಿರುವ ಬಾಗಿಲ ಒಳಗೆ ಹೋಗಬೇಕೆನಿಸುತ್ತದೆ. ಬಾಗಿಲಲ್ಲಿ ಪೊಲೀಸರಿದ್ದಾರೆಂದರೆ ಒಳಗೆ ಹೋದವನು ಪ್ರೇಕ್ಷಕನಾಗಿ ಉಳಿಯುವುದಿಲ್ಲ, ಒಂದು ಪಕ್ಷದ ಸಾಕ್ಷಿಯಾಗುತ್ತಾನೆ. ಸಾಕ್ಷಿ ಹೇಳಲು ಬಂದವನ ಚಪ್ಪಾಳೆಯಿಂದ ನಾಟಕದ ಗುಣವನ್ನು ಅಳೆಯಲಾಗುವುದಿಲ್ಲ. ಹೊರಗೆ ನಿಂತು ಬೈಯುವವನ ಬೈಗುಳದಿಂದಲೂ ಆಗುವುದಿಲ್ಲ.

ನಾಟಕದ ಗುಣದ ಮಾತಿಗೆ ಬಂದರೆ ಅದರ ಸೋಲು ಇರುವುದು ಟಿಪ್ಪುವನ್ನು ಖಳನನ್ನಾಗಿ ಮಾಡಿದ್ದರಲ್ಲಲ್ಲ, ಖಳನಿಗೆ ಕೊಡಬೇಕಾದ ಗೌರವವನ್ನು ಕೊಡದೆ ಇದ್ದದ್ದರಲ್ಲಿ. ಮಂಡ್ಯದ ಹಳ್ಳಿಯ ಯಾವ ಹಾರ್ಮೋನಿಯಂ ಮೇಷ್ಟ್ರಾದರೂ ಇದನ್ನು ಹೇಳಿಯಾರು. ದುರ್ಯೋಧನ ಅಧರ್ಮಿ ಎಂದು ಎಲ್ಲರಿಗೂ ಗೊತ್ತು. ಆದರೂ ಅವನ ಪಾತ್ರಕ್ಕೆ ಪೈಪೋಟಿ ಬೀಳುತ್ತದೆ, ವೈಶಂಪಾಯನ ಸರೋವರದ ದಡದಲ್ಲಿ ಅವನು ಒಂಟಿಯಾಗಿ ನಿಂತಾಗ ಊರಿಗೆ ಊರೇ ಮಂಕಾಗುತ್ತದೆ. ತೊಡೆಗೆ ಹೊಡೆದ ಭೀಮನಿಗೆ ಆ ಗಳಿಗೆಯಲ್ಲಿ ಸಿಳ್ಳೆ ಸಿಗುವುದಿಲ್ಲ. ರನ್ನನ ಕಾಲದಿಂದ ಕನ್ನಡದ ಮನಸ್ಸು ಹೀಗೆಯೇ. ಸೋತವನು ಎಂಥವನಾದರೂ ಬೀಳುವ ಹೊತ್ತಿನಲ್ಲಿ ಅವನಿಗೆ ಒಂದು ಪದ್ಯ ಕೊಡಬೇಕು. ಇಲ್ಲಿ ಕೊನೆಗೆ ಉಳಿಯುವುದು ಕೊಂದವರ ಜಯಕಾರ ಮಾತ್ರ.

ಕೊಂದವರು ಯಾರೆಂಬುದೇ ಮುಂದಿನ ಕಥೆ. ಮೇ 4ರ ಮಧ್ಯಾಹ್ನ ಕೋಟೆಯ ನೀರುಬಾಗಿಲ ಬಳಿಯ ನೂಕುನುಗ್ಗಲಿನಲ್ಲಿ ಟಿಪ್ಪು ಬಿದ್ದ, ಹೆಸರು ತಿಳಿಯದ ಸಿಪಾಯಿಯ ಗುಂಡಿಗೆ ಸತ್ತ, ಕತ್ತಲಾದ ಮೇಲೆ ಪಂಜಿನ ಬೆಳಕಿನಲ್ಲಿ ಹೆಣಗಳ ರಾಶಿಯಿಂದ ಅವನನ್ನು ಹುಡುಕಿ ತೆಗೆದರು ಎಂದು ಅಂದು ಅಲ್ಲಿದ್ದವರು ಬರೆದಿದ್ದಾರೆ. ‘ನಿಜಕನಸುಗಳು’ ಕೊಂದವರಿಗೆ ಹೆಸರು ಕೊಟ್ಟಿತು. ಉರಿಗೌಡ, ನಂಜೇಗೌಡ ಎಂಬ ಇಬ್ಬರು ಒಕ್ಕಲಿಗ ವೀರರು. ಇವರಿಬ್ಬರು ಟಿಪ್ಪುವನ್ನು ಕೊಂದರೆಂಬುದಕ್ಕೆ ಆಧಾರವಿಲ್ಲವೆಂದು ಮೈಸೂರಿನ ಇತಿಹಾಸಕಾರ ಪಿ.ವಿ. ನಂಜರಾಜ ಅರಸು ಮೊದಲಾದವರು ಹೇಳಿದರು. ನಾಟಕಕಾರ ಕಲ್ಪಿಸಿದರೆ ತಪ್ಪೇನು ಎಂದು ಕೇಳಬಹುದು. ಏನೂ ತಪ್ಪಿಲ್ಲ, ‘ನಿಜ’ ಎಂದು ಮೇಲೆ ಬರೆಯದಿದ್ದರೆ.

ಈ ಇಬ್ಬರು ಭೂಮಿಗೀತದ ರಂಗದ ಮೇಲೆಯೇ ಇದ್ದಿದ್ದರೆ ಅವರ ಬಗ್ಗೆ ಇಷ್ಟು ಬರೆಯುವ ಅಗತ್ಯ ಬೀಳುತ್ತಿರಲಿಲ್ಲ. ಅವರು ಇಳಿದು ಹೆದ್ದಾರಿಗೆ ಬಂದರು. 2023ರ ಮಾರ್ಚಿನಲ್ಲಿ ಪ್ರಧಾನಿಗಳನ್ನು ಸ್ವಾಗತಿಸಲು ಮಂಡ್ಯದಲ್ಲಿ ಕಟ್ಟಿದ ಕಮಾನುಗಳಲ್ಲಿ ಒಂದಕ್ಕೆ ಉರಿಗೌಡ, ನಂಜೇಗೌಡರ ಹೆಸರಿನ ಮಹಾದ್ವಾರವೆಂದು ಬರೆಯಲಾಯಿತು. ಕಮಾನು ಕಟ್ಟಿದವರು ಚಪ್ಪಾಳೆ ನಿರೀಕ್ಷಿಸಿರಬೇಕು. ಬಂದದ್ದು ಆಕ್ಷೇಪ. ಹೆಸರು ಅಳಿಸಿ ಅದೇ ಕಮಾನಿಗೆ ಬಾಲಗಂಗಾಧರನಾಥ ಸ್ವಾಮೀಜಿಯವರ ಹೆಸರು ಹಾಕಿದರು. ಕೆಲವೇ ದಿನಗಳಲ್ಲಿ ಆಗ ಸಚಿವರಾಗಿದ್ದ ನಿರ್ಮಾಪಕ ಮುನಿರತ್ನ ಅವರು ಇವರಿಬ್ಬರ ಮೇಲೆ ಸಿನಿಮಾ ಮಾಡುವುದಾಗಿ ಹೆಸರು ನೋಂದಾಯಿಸಿದರು. ಆದಿಚುಂಚನಗಿರಿ ಮಠದ ನಿರ್ಮಲಾನಂದನಾಥ ಸ್ವಾಮೀಜಿಯವರು ಅವರನ್ನು ಕರೆಸಿ ಮಾತಾಡಿದರು, ಸರಿಯಾದ ದಾಖಲೆಗಳಿಲ್ಲದೆ ಈ ಚರ್ಚೆ ಮುಂದುವರಿಸುವುದು ಬೇಡವೆಂದರು. ಸಿನಿಮಾ ನಿಂತಿತು. ಇದೆಲ್ಲ ಹತ್ತು ದಿನಗಳ ಒಳಗಿನ ಮಾತು.

ಮಠದ ಮಾತಿಗೆ ಮೊದಲೇ ರಸ್ತೆಬದಿಯ ಟೀ ಅಂಗಡಿಗಳಲ್ಲಿ ಈ ಪಾತ್ರ ನಾಪಾಸಾಗಿತ್ತು. ಉರಿ ಒಂದು ಕಡೆ, ನಂಜು ಒಂದು ಕಡೆ, ಚೆನ್ನಾಗಿ ಹೆಸರಿಟ್ಟಿದ್ದಾರೆ ಎಂಬ ನಗೆಚಾಟಿಕೆ ಎಲ್ಲರ ಬಾಯಲ್ಲೂ ಇತ್ತು. ನಿಡಘಟ್ಟದ ಬಳಿ ಎಳನೀರು ಕುಡಿಯಲು ನಿಂತಾಗ ಅಲ್ಲಿದ್ದ ಹಿರಿಯ ರೈತರೊಬ್ಬರು ನಮ್ಮ ಗಡ್ಡ ನೋಡಿ ತಾವಾಗಿಯೇ ಮಾತು ತೆಗೆದರು. “ಅಲ್ಲಾ ಸಾಬ್ರೆ, ನಮ್ ತಾತ ಎತ್ತು ಕಳ್ಕೊಂಡಿದ್ದ ಯೋಳವ್ನೆ, ಬರ ಬಂದಿದ್ದ ಯೋಳವ್ನೆ, ನಾಲೇಲಿ ನೀರು ಬಂದಿದ್ದ ಯೋಳವ್ನೆ. ಸುಲ್ತಾನ್ನ ನಮ್ಮೋರು ಕೊಂದಿದ್ರೆ ಅದ್ನ ಯೋಳ್ದೆ ಸುಮ್ಕಿರ್ತಿದ್ನಾ? ಒಂದ್ ಪದನಾದ್ರೂ ಇರ್ಬೇಕಿತ್ತಲ್ವಾ?” ಇತಿಹಾಸದ ಯಾವ ಪ್ರಾಧ್ಯಾಪಕರೂ ಇದಕ್ಕಿಂತ ಚೆನ್ನಾಗಿ ಹೇಳಲಾರರು. ಲಾವಣಿಯಿಲ್ಲದ ವೀರನನ್ನು ಈ ಸೀಮೆ ನಂಬುವುದಿಲ್ಲ.

ನಮಗೆ ಅನಿಸುವುದಿಷ್ಟು. ಈ ನೆಲದ ಜನ ಪಾತ್ರವೆಂದರೆ ಏನೆಂದು ಬಲ್ಲವರು. ಪಾತ್ರಕ್ಕೆ ದುಡ್ಡು ಕೊಡಬೇಕು, ಮೇಷ್ಟ್ರ ಕೈಯಲ್ಲಿ ಬೈಸಿಕೊಂಡು ಕಲಿಯಬೇಕು, ಆಡಿದ ಮೇಲೆ ಊರು ಮಾತಾಡಿಕೊಳ್ಳುವುದನ್ನು ಕೇಳಿಸಿಕೊಳ್ಳಬೇಕು. ಯಾರೋ ಮೈಸೂರಿನಿಂದ ಬಂದು ಬಿಟ್ಟಿಯಾಗಿ ಒಂದು ಪಾತ್ರ ಕೊಟ್ಟು, ನೀವೇ ಆ ವೀರರು, ಈ ಬಣ್ಣ ಹಚ್ಚಿಕೊಳ್ಳಿ ಎಂದರೆ ಅವರಿಗೆ ಮೊದಲು ಹುಟ್ಟುವುದು ಸಂಶಯ. ಬಿಟ್ಟಿ ಸಿಕ್ಕ ಪಾತ್ರದ ಖರ್ಚು ಆಮೇಲೆ ಯಾರ ಮೇಲೆ ಬೀಳುತ್ತದೆ? ಅದರಲ್ಲೂ ಆ ಪಾತ್ರ ಎಂಥದು ನೋಡಿ. ಇಂಗ್ಲಿಷರು ಕೋಟೆ ಒಡೆದು ನುಗ್ಗುತ್ತಿರುವಾಗ, ಗಾಯಗೊಂಡು ಬಿದ್ದ ದೊರೆಯನ್ನು ಮುಗಿಸುವ ಪಾತ್ರ. ಶ್ರೀರಂಗಪಟ್ಟಣದ ಲೂಟಿಯನ್ನು ಹಂಚಿಕೊಂಡವರು ಹ್ಯಾರಿಸನೂ ಅವನ ಅಧಿಕಾರಿಗಳೂ, ಅಪಕೀರ್ತಿಯನ್ನು ಮಾತ್ರ ಗೌಡರ ತಲೆಗೆ ಕಟ್ಟಿದಂತಾಯಿತು. ಇದೇ ಮದ್ದೂರಿನ ಶಿವಪುರದಲ್ಲಿ 1938ರ ಏಪ್ರಿಲ್‌ನಲ್ಲಿ ನಿಷೇಧಾಜ್ಞೆಯ ನಡುವೆ ತ್ರಿವರ್ಣ ಧ್ವಜ ಏರಿಸಿದರು. ಆ ಸಾಲಿನಲ್ಲಿ ಈ ಸೀಮೆಯ ಒಕ್ಕಲುಮಕ್ಕಳು ಬೇಕಾದಷ್ಟು ಮಂದಿ ಇದ್ದರು. ಆ ನಿಜವನ್ನು ಬಿಟ್ಟು ಈ ಕನಸನ್ನು ಯಾಕೆ ಹೊರಬೇಕು?

ಇಲ್ಲಿಗೆ ನಿಲ್ಲಿಸಿದರೆ ಓದುಗರಿಗೆ ಹಿತವಾಗುತ್ತದೆ, ನಮಗೂ ಹಿತ. ಆದರೆ ಮುಂದೆ ನಡೆದದ್ದನ್ನು ಮರೆಮಾಚಿ ಮಂಡ್ಯದ ಪ್ರೇಕ್ಷಕರಿಗೆ ಹಾರ ಹಾಕುವುದು ಪ್ರಾಮಾಣಿಕತೆಯಾಗುವುದಿಲ್ಲ. ಅದೇ ವರ್ಷದ ವಿಧಾನಸಭಾ ಚುನಾವಣೆಯ ಫಲಿತಾಂಶವನ್ನು ಈ ನಾಟಕದ ವಿಮರ್ಶೆಯೆಂದು ಓದಿದವರಿದ್ದಾರೆ. ನಮಗೆ ಆ ಹುಚ್ಚಿಲ್ಲ. 2024ರ ಸೆಪ್ಟೆಂಬರಿನಲ್ಲಿ ನಾಗಮಂಗಲದಲ್ಲಿ ಗಣೇಶನ ಮೆರವಣಿಗೆಯ ಹೊತ್ತಿಗೆ ಗಲಭೆಯಾಗಿ ಅಂಗಡಿಗಳು ಸುಟ್ಟವು. 2025ರ ಸೆಪ್ಟೆಂಬರಿನಲ್ಲಿ ಮದ್ದೂರಿನಲ್ಲೇ ಮೆರವಣಿಗೆಯ ಮೇಲೆ ಕಲ್ಲು ತೂರಾಟವಾಯಿತು, ಬಂಧನಗಳಾದವು, ಬಂದ್ ಆಯಿತು. ಕಲ್ಲು ಎಸೆದ ಕೈ ಯಾರದೇ ಆಗಿರಲಿ, ಅದು ತಪ್ಪೆಂದು ನಮ್ಮ ಮಸೀದಿಗಳಲ್ಲಿ ಹೇಳದೆ ಹೋದರೆ ಬೇರೆಯವರ ನಾಟಕದ ಬಗ್ಗೆ ಮಾತಾಡುವ ಬಾಯಿ ನಮಗಿರುವುದಿಲ್ಲ. ಎಳನೀರಿನ ಅಂಗಡಿಯಲ್ಲಿ ನಗೆಚಾಟಿಕೆ ಮಾಡಿದವರ ಮಕ್ಕಳೇ ಆ ಮೆರವಣಿಗೆಗಳಲ್ಲಿ ಇದ್ದಿರಬಹುದು. ಅಜ್ಜನಿಗೆ ಲಾವಣಿ ಗೊತ್ತಿತ್ತು, ಅಪ್ಪನಿಗೆ ಕುರುಕ್ಷೇತ್ರದ ಮಟ್ಟು ಗೊತ್ತಿತ್ತು, ಮೊಮ್ಮಗನ ಕೈಯಲ್ಲಿ ಮೊಬೈಲು ಇದೆ. ಅದರಲ್ಲಿ ಉರಿಗೌಡನೂ ಬರುತ್ತಾನೆ, ಹುಲಿಯ ಮೇಲೆ ಕುಳಿತ ಟಿಪ್ಪುವೂ ಬರುತ್ತಾನೆ. ಎರಡನ್ನೂ ಮಾಡಿದವರು ಯಾರೆಂದು ಕೇಳುವ ಅಭ್ಯಾಸ ನಾಟಕ ನೋಡಿ ಬರುತ್ತದೆ, ಮೊಬೈಲು ನೋಡಿ ಬರುವುದಿಲ್ಲ.

ನಮ್ಮವರ ಬಗ್ಗೆಯೂ ಒಂದು ಮಾತು. ಮೊದಲೆಲ್ಲ ಹಳ್ಳಿಯ ನಾಟಕಗಳಲ್ಲಿ ಚಾಪೆ ಹಿಡಿದು ಮುಂದಿನ ಸಾಲು ಹಿಡಿಯುತ್ತಿದ್ದವರಲ್ಲಿ ನಮ್ಮ ಮನೆಗಳ ಹುಡುಗರೂ ಇರುತ್ತಿದ್ದರು, ಕೃಷ್ಣಸಂಧಾನದ ಮಾತುಗಳು ಅವರಿಗೂ ಬಾಯಿಪಾಠ. ಈಗ ಆ ಸಾಲಿನಲ್ಲಿ ನಾವಿಲ್ಲ. ಹಾಡು, ವೇಷ ನಮಗಲ್ಲ ಎನ್ನುವವರು ಹೆಚ್ಚಾದರು, ಕರೆಯುವವರೂ ಕಡಿಮೆಯಾದರು. ಆಡಲು ಹೋಗದೆ, ನೋಡಲು ಹೋಗದೆ, ನಮ್ಮ ಬಗ್ಗೆ ನಾಟಕ ಬಂದಾಗ ಮಾತ್ರ ಎದ್ದು ಕೂಗುವ ಪ್ರೇಕ್ಷಕರಾಗಿದ್ದೇವೆ. ಚಂದ್ರಕಲಾ ನಾಟಕ ಮಂಡಳಿ ಕಟ್ಟಿ ಕನ್ನಡ ವೃ‍ತ್ತಿರಂಗಭೂಮಿಯನ್ನು ಬೆಳಗಿದ ಮಹಮದ್ ಪೀರ್ ಅವರ ಹೆಸರು ನಮ್ಮ ಎಷ್ಟು ಮಕ್ಕಳಿಗೆ ಗೊತ್ತು? ಟಿಪ್ಪುವಿನ ಭಾವಚಿತ್ರ ಮಾತ್ರ ಎಲ್ಲ ಆಟೋಗಳ ಹಿಂದೆ ಇದೆ.

ಕಳೆದ ಬೇಸಿಗೆಯಲ್ಲಿ ನಿಡಘಟ್ಟದ ಆಸುಪಾಸಿನ ಊರೊಂದರಲ್ಲಿ ಕುರುಕ್ಷೇತ್ರದ ಪ್ರಾಕ್ಟೀಸು ನಡೆಯುತ್ತಿದ್ದಾಗ ನಾವು ಹೋಗಿ ಕುಳಿತಿದ್ದೆವು. ಬಿಡುವಿನಲ್ಲಿ ಮೇಷ್ಟ್ರನ್ನು ಕೇಳಿದೆವು. “ಮೇಷ್ಟ್ರೇ, ಟಿಪ್ಪು ನಾಟಕವನ್ನೂ ಹಿಂಗೇ ಹಳ್ಳಿಯವರ ಕೈಲೇ ಆಡಿಸೋಕಾಗಲ್ವಾ? ನಿಮ್ಮೋರು ನಮ್ಮೋರು ಎಲ್ಲ ಸೇರ್ಕೊಂಡು?” ಅವರು ಎಲೆಯಡಿಕೆ ಮೆಲ್ಲುತ್ತ ಸ್ವಲ್ಪ ಹೊತ್ತು ಲೆಕ್ಕ ಹಾಕಿದರು.

“ಆಡ್ಸ್‌ಬೌದು ಸಾಬ್ರೆ. ಟಿಪ್ಪು ಪಾಲ್ಟಿಗೆ ದುಡ್ಡು ಕೊಡೋಕೆ ನಾಕು ಜನ ಸಿಕ್ತಾರೆ, ನಿಮ್ಮೋರೂ ಬತ್ತಾರೆ, ನಮ್ಮೋರೂ ಬತ್ತಾರೆ. ಪೂರ್ಣಯ್ಯಂಗೂ ಸಿಕ್ತಾರೆ. ಮೀರ್ ಸಾದಿಕ್‌ಗೆ ಯಾರ್ ಕೊಟ್ಟಾರು ಯೋಳಿ?”

ನಾವು ಉತ್ತರ ಹೇಳುವುದಕ್ಕೆ ಮೊದಲೇ ಒಳಗಿನಿಂದ ಶಕುನಿ ಪಾತ್ರದವನು ತನ್ನ ಮಟ್ಟು ಇನ್ನೊಂದು ಸಲ ಹೇಳಿಕೊಡಬೇಕೆಂದು ಕರೆದ. ಮೇಷ್ಟ್ರು ಬಾಯಿ ಮುಕ್ಕಳಿಸಿ ಹಾರ್ಮೋನಿಯಂ ಮುಂದೆ ಕುಳಿತರು.